ಯಕ್ಷಗಾನ ಮೇಳಕ್ಕೆ ಸಂಶೋಧನಾ ಯೋಜನೆ ಬೇಕೇ?

ಪರ: ಪೆಟ್ಟಿಗೆಯೊಳಗೆ ಮಣ್ಣಿತ್ತು

ನಮ್ಮಪ್ಪ ಮೂವತ್ತು ವರ್ಷ ಭಾಗವತಿಕೆ ಮಾಡಿದವರು. ಹೊನ್ನಾವರದ ಮನೆಯ ಅಟ್ಟದಲ್ಲಿ ಅವರ ಪ್ರಸಂಗದ ಪಟ್ಟಿಗಳು, ಅಂದರೆ ಆಟದ ಪದ್ಯಗಳ ಪುಸ್ತಕಗಳು, ಮರದ ಪೆಟ್ಟಿಗೆಯಲ್ಲಿದ್ದವು. ಅವರು ತೀರಿಕೊಂಡ ಮೇಲಿನ ಮಳೆಗಾಲದಲ್ಲಿ ಮುಚ್ಚಳ ತೆಗೆದೆ. ಮೇಲಿನ ಹಾಳೆ ನೆಟ್ಟಗಿತ್ತು. ಕೈ ಹಾಕಿದರೆ ಕೆಳಗೆಲ್ಲ ಗೆದ್ದಲು ಮಣ್ಣು. ಮುದ್ರಿತ ಪ್ರಸಂಗ ಈಗಲೂ ಸಿಗುತ್ತದೆ. ಆದರೆ ಯಾವ ಪದ್ಯಕ್ಕೆ ರಾಗ ಬದಲಿಸಬೇಕು, ಎಲ್ಲಿ ಬಿಡ್ತಿಗೆ (ಚೆಂಡೆ-ಮದ್ದಳೆಯ ನುಡಿತ) ಅಂತ ಅಪ್ಪ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದರಲ್ಲ, ಅದು ಎಲ್ಲಿ ಸಿಗಬೇಕು?

ಒಂದು ಸ್ಕ್ಯಾನರ್, ಒಬ್ಬ ಹುಡುಗ, ಆರು ತಿಂಗಳ ಸಂಬಳ. ಅಷ್ಟು ಸಾಕಿತ್ತು. ಕಲಾವಿದರ ಸಂಬಳ, ಲಾರಿಯ ಡೀಸೆಲ್ ನೋಡಿಕೊಳ್ಳುವಷ್ಟರಲ್ಲೇ ಸುಸ್ತಾಗುವ ಮೇಳದ ಯಜಮಾನರು ಅದನ್ನೆಲ್ಲಿಂದ ತರುತ್ತಾರೆ? ಹೊರಗಿನ ದುಡ್ಡೇ ಬೇಕು. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಕಲೆ, ಸಂಸ್ಕೃತಿಯೂ ಆ ಕೆಲಸಗಳ ಪಟ್ಟಿಯಲ್ಲಿವೆ. ಹೋಗಿ ಕೇಳುವವರು ಬೇಕು, ಅಷ್ಟೇ.

ಚೆಂಡೆಯನ್ನೇ ನೋಡಿ. ಮಳೆಗಾಲದ ಆಟದಲ್ಲಿ ಚರ್ಮ ಥಂಡಿ ಹಿಡಿದು ಸಡಿಲಾಗುತ್ತದೆ. ಬಾರಿಸುವವರು ಅದನ್ನು ಕಾಯಿಸುತ್ತ, ಬಿಗಿಯುತ್ತ ಕೂರಬೇಕು. ಮೃದಂಗಕ್ಕೆ ಸಿಂಥೆಟಿಕ್ ಮುಚ್ಚಿಗೆ ಬಂದಾಗಿದೆ. ನಮ್ಮ ಚೆಂಡೆಯ ನಾದ ಕೆಡಿಸದ ಮುಚ್ಚಿಗೆಯನ್ನು ಯಾವುದಾದರೂ ಇಂಜಿನಿಯರಿಂಗ್ ಕಾಲೇಜು ನಾಲ್ಕು ವರ್ಷ ಕೂತು ಹುಡುಕಬಾರದಾ?

ಸಂಪ್ರದಾಯ ಕೆಡುತ್ತದೆ ಅನ್ನುವವರು ದಯವಿಟ್ಟು ದೊಂದಿ ಹಚ್ಚಿಕೊಂಡೇ ಆಟ ನೋಡಲಿ. 1934ರಲ್ಲಿ ಶುರುವಾದ ಇಡಗುಂಜಿ ಮೇಳದ ಕೆರೆಮನೆ ಶಂಭು ಹೆಗಡೆಯವರು ಗುಣವಂತೆಯಲ್ಲಿ ತರಬೇತಿ ಕೇಂದ್ರ ಕಟ್ಟಿದ್ದೂ ಆ ಕಾಲಕ್ಕೆ ಹೊಸ ಪ್ರಯೋಗವೇ ಅಲ್ವಾ?

ವಿರೋಧ: ಬಾಯಲ್ಲಿ ದಾರ, ಎದುರಿಗೆ ಫಾರ್ಮು

ವಿರೋಧ ಬರೆಯಲು ಯಾರೂ ಸಿಗಲಿಲ್ಲವಂತೆ. ಹಾಗಾಗಿ ಶಿರಸಿಯ ನನ್ನ ಪಾಲಿಗೆ ಬಂತು. ಚೆಂಡೆಯ ಮಾತು ನನಗೂ ಹಿಡಿಸಿದೆ, ಸುಳ್ಳು ಯಾಕೆ ಹೇಳಲಿ.

ಆದರೂ ಒಂದು ಸಂಗತಿ. ನಮ್ಮೂರ ಆಟದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಒಮ್ಮೆ ಒಬ್ಬ ಸಂಶೋಧಕ ಹುಡುಗ ಬಂದಿದ್ದ. ರಾತ್ರಿ ಒಂದು ಗಂಟೆ. ವೇಷದವರು ಬಾಯಲ್ಲಿ ದಾರ ಕಚ್ಚಿಕೊಂಡು ತಲೆಗೆ ಕೇದಗೆ ಮುಂದಲೆಯ ಪಗಡೆ ಕಟ್ಟುತ್ತಿದ್ದರು. ಇವನು ಫಾರ್ಮು ಹಿಡಿದು, "ನಿಮ್ಮ ಪ್ರೇಕ್ಷಕರ ಸರಾಸರಿ ವಯಸ್ಸು ಎಷ್ಟು, ಸರ್?" ಅಂದ. ಅವರು ದಾರ ಬಿಡಲಿಲ್ಲ. ರಂಗಸ್ಥಳದ ಕಡೆ ಗದ್ದ ತೋರಿಸಿದರು. ಹೋಗಿ ಎಣಿಸಿಕೋ ಅಂತ.

ಯೋಜನೆ ಅಂದರೆ ಹೆಚ್ಚಾಗಿ ಇದೇ. ಫಾರ್ಮು, ಕಾರು, ಉದ್ಘಾಟನೆ, ಶಾಲು. ಮೇಳದವರ ಕೈಗೆ ಶಾಲು ಮಾತ್ರ ಬರುತ್ತದೆ. ಪೆಟ್ರೋಮ್ಯಾಕ್ಸ್ ಬಂದಾಗ, ಮೈಕು ಬಂದಾಗ, ಬೆಳಗಿನ ತನಕದ ಆಟ ಮೂರು ತಾಸಿನ ಕಾಲಮಿತಿ ಆದಾಗ ಯಾವ ಯೋಜನೆ ಇತ್ತು? ಜನ ಕೇಳಿದರು, ಮೇಳದವರು ಕೊಟ್ಟರು. ಇನ್ನು ಪಟ್ಟಿಗೆ ಗೆದ್ದಲು ಹಿಡಿಯುತ್ತದೆ ಅನ್ನುವವರು ಮೊಬೈಲಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಲಿ. ಅದಕ್ಕೂ ಕಂಪನಿ ದುಡ್ಡು ಬೇಕಾ?

ಅಂದಹಾಗೆ ಆ ಹುಡುಗ ಒಳ್ಳೆಯವನೇ. ಫಾರ್ಮು ಮಡಚಿ ಕಿಸೆಗೆ ಹಾಕಿ, ನನ್ನ ಪಕ್ಕದಲ್ಲೇ ಕೂತು ಮಂಗಳದ ತನಕ ಆಟ ನೋಡಿದ. ವರದಿ ಮಾತ್ರ ಮೇಳಕ್ಕೆ ಇನ್ನೂ ಬಂದಿಲ್ಲ.