ನಮ್ಮೂರಿನ ಓಣಿ ನೋಡೋಕೂ ಟ್ರಿಪ್ ಬೇಕಾ? ಬೇಕು

ಬೀದರ್‌ನ ಹೆಂಗಸರು ಮನೆ ಬಿಟ್ಟು ಹೊರಗೆ ಬರೋದಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲಂತೂ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಮ್ಮ ಕಾಲೊನಿಯ ಅಜ್ಜಿಯರು ಗಾಣಗಾಪುರ ನೋಡಿದರು, ಹುಲಿಗಿ ನೋಡಿದರು, ಸವದತ್ತಿಗೂ ಹೋಗಿ ಬಂದರು. ಪರ್ಸಿನಲ್ಲಿ ಆಧಾರ್ ಕಾರ್ಡ್ ಒಂದಿದ್ದರೆ ಆಯಿತು. ಆದರೆ ಅವರಲ್ಲಿ ಯಾರನ್ನಾದರೂ ನಿಲ್ಲಿಸಿ ಹಳೇ ಊರಿನ ಮನ್ಹಿಯಾರ್ ತಾಲೀಮ್ ಓಣಿ ಎಲ್ಲಿದೆ, ದುಲ್ಹನ್ ದರವಾಜಾ ಅನ್ನೋ ಊರಬಾಗಿಲು ಯಾವ ಕಡೆ ಅಂತ ಕೇಳಿ ನೋಡಿ. ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಹತ್ತು ನಿಮಿಷ ಆಗದ ಜಾಗ. ಗೊತ್ತಿರುವುದಿಲ್ಲ.

ಯಾಕೆಂದರೆ ಅಲ್ಲಿ ಅವರಿಗೆ ಕೆಲಸ ಇಲ್ಲ. ನಮಗೆ ಗೊತ್ತಿರುವ ಬೀದರ್ ಕೆಲಸದ ಬೀದರ್. ಕಾಳುಕಡಿಗೆ ಗಾಂಧಿ ಗಂಜ್, ಜ್ವರ ಬಂದರೆ ದವಾಖಾನೆ, ಶಿವರಾತ್ರಿಗೆ ಪಾಪನಾಶ, ನೆಂಟರು ಬಂದರೆ ಕೋಟೆ ಮತ್ತು ಗುರುನಾನಕ್ ಝರಾ. ಮನೆ ಬಾಗಿಲಲ್ಲಿ ಆಟೋ ಹತ್ತಿದರೆ ಇನ್ನೊಂದು ಬಾಗಿಲಲ್ಲೇ ಇಳಿಯುವುದು. ಗಂಡಸರು ಚಹಾ ಕುಡಿದು ಬರ್ತೀನಿ ಅಂತ ಎದ್ದು ಹೋದವರು ಎರಡು ತಾಸು ಊರು ಸುತ್ತಿ ಬರುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಹೆಂಗಸು ಗೊತ್ತಿಲ್ಲದ ಓಣಿಯಲ್ಲಿ ಸುಮ್ನೆ ನಿಂತರೆ "ಯಾರ ಮನಿ ಬೇಕ್ರಿ?" ಅಂತ ಕೇಳುತ್ತಾರೆ. ಕೇಳುವವರು ಕೆಟ್ಟವರೇನಲ್ಲ. ಆದರೆ ಆ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲೇಬೇಕು. "ಯಾರ ಮನೆಯೂ ಬೇಡ, ನೋಡೋಕೆ ಬಂದೆ" ಅಂದರೆ ಅದು ಉತ್ತರ ಅನ್ನಿಸಿಕೊಳ್ಳುವುದಿಲ್ಲ. ವರ್ಷಕ್ಕೊಮ್ಮೆ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗುತ್ತೇವಲ್ಲ, ಅದೂ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿಯ ಬುಟ್ಟಿ ಹೊತ್ತುಕೊಂಡೇ. ಹಿಂದಿನ ರಾತ್ರಿಯೆಲ್ಲ ಅಡುಗೆ ಮಾಡಿದ ಮೇಲೆ ಸಿಗುವ ವಿಹಾರ ಅದು.

ಹಾಗಾಗಿ ಹೆಂಗಸರಿಗೆ ಮಾತ್ರ, ಎಂಟು-ಹತ್ತು ಜನ, ಒಬ್ಬಳು ಗೈಡ್, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹಳೇ ಊರಿನ ಓಣಿ ಸುತ್ತಾಟ ಅಂತ ಗೆಳತಿ ಹೇಳಿದಾಗ ನಾನು ಯೋಚನೆಯನ್ನೇ ಮಾಡಲಿಲ್ಲ, ಹೆಸರು ಕೊಟ್ಟೆ. ಮನೆಯಲ್ಲಿ ಅತ್ತೆ ಮಾತ್ರ ಕೇಳಿದರು: "ಇದೇ ಊರ್ ನೋಡ್ಲಾಕ ರೊಕ್ಕ ಕೊಡ್ತೀಯೇನವ್ವಾ?"

ಕೊಡಬೇಕು. ತಲೆಗೆ 500 ರೂಪಾಯಿ ತಗೊಂಡರು, ಅದರಲ್ಲೇ ಸುಸಲಾ, ಮಿರ್ಚಿ ಭಜಿ, ಚಹಾ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಹೈದರಾಬಾದ್‌ಗೆ ಹೋದರೆ ಚಾರ್‌ಮಿನಾರ್ ಸುತ್ತ ಅಲೆದು ಸಾವಿರಗಟ್ಟಲೆ ಖರ್ಚು ಮಾಡಿ ಬರುತ್ತೇವೆ, ಒಬ್ಬರಿಗೂ ಬೇಜಾರಾಗುವುದಿಲ್ಲ. ನಮ್ಮೂರಿನ ಹುಡುಗಿಯೊಬ್ಬಳು ಓಣಿ ಓಣಿ ತಿರುಗಿ, ಮನೆಮನೆಯವರ ಹತ್ತಿರ ಮಾತಾಡಿ, ಯಾವ ಹೊತ್ತಿಗೆ ಯಾರ ಮನೆಯಲ್ಲಿ ಅಡುಗೆ, ಯಾವಾಗ ನಮಾಜು, ಯಾವ ಮನೆಯ ಬಚ್ಚಲು ನಾವು ಬಳಸಬಹುದು ಅಂತ ಎಲ್ಲ ತಿಳಿದುಕೊಂಡು ನಮ್ಮನ್ನು ಕರೆದುಕೊಂಡು ಹೋದರೆ, ಅದು ಕೆಲಸ. ಕೆಲಸಕ್ಕೆ ಕೂಲಿ ಬೇಡವಾ? ಬಚ್ಚಲಿನ ವಿಷಯ ಸಣ್ಣದು ಅಂದುಕೊಳ್ಳಬೇಡಿ. ಹಳೇ ಊರಿನಲ್ಲಿ ಹೆಂಗಸರು ಧೈರ್ಯವಾಗಿ ಒಳಗೆ ಹೋಗುವಂಥ ಶೌಚಾಲಯ ನಾವು ನಡೆದ ದಾರಿಯಲ್ಲಿ ಒಂದೂ ಕಾಣಲಿಲ್ಲ. ಮನೆಯಿಂದ ಹೊರಡುವಾಗ ನೀರು ಕುಡಿಯದೇ ಹೊರಡುವುದು ನಮಗೆಲ್ಲ ಚಿಕ್ಕಂದಿನಿಂದ ಅಭ್ಯಾಸ. ಅವತ್ತು ಹೊಟ್ಟೆ ತುಂಬ ನೀರು ಕುಡಿದು ನಡೆದೆವು.

ಚೌಬಾರಾದಿಂದ ಶುರು. ನಾಲ್ಕು ದಾರಿ ಸೇರುವಲ್ಲಿ ನಿಂತಿರುವ 71 ಅಡಿಯ ದುಂಡನೆ ಗೋಪುರ. ಅದರ ಪಕ್ಕ ಎಷ್ಟೋ ಸಲ ಹೋಗಿದ್ದೇವೆ, ಆಟೋದಲ್ಲಿ ಕೂತವರಿಗೆ ಅದರ ಬುಡ ಮಾತ್ರ ಕಾಣುತ್ತದೆ. ಇಲ್ಲಿ ಗೈಡ್ ಸ್ವಲ್ಪ ಜಾಸ್ತಿಯೇ ಇತಿಹಾಸ ಹೇಳಿದಳು. ಬಹಮನಿ ಸುಲ್ತಾನ ಅಹ್ಮದ್ ಶಾ ಕಲಬುರಗಿಯಿಂದ ರಾಜಧಾನಿ ಇಲ್ಲಿಗೆ ತಂದದ್ದು, ಆಮೇಲೆ ಬರೀದ್ ಶಾಹಿಗಳು ಬಂದದ್ದು, ಅವನ ಮಗ ಇವನು, ಇವನ ಮಗ ಅವನು. ನನಗೆ ರಾಜರ ಪಟ್ಟಿ ಬೇಡವಾಗಿತ್ತು, ಅದು ಶಾಲೆಯ ಪುಸ್ತಕದಲ್ಲಿ ಸಿಗುತ್ತದೆ. ಆದರೆ ಅಲ್ಲಿಂದ ಹೊರಟ ಮೇಲೆ ಅವಳು ಮಾಡಿದ ಒಂದು ಕೆಲಸ ಬಹಳ ಹಿಡಿಸಿತು. ತಖ್ತ್-ಎ-ಕಿರ್ಮಾನಿಯ ಕಮಾನು, ಅದರ ಮೇಲಿನ ಗಾರೆ ಕೆಲಸ ತೋರಿಸಿ, 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾ ಎದುರಿನ ತನಕ ಕರೆದುಕೊಂಡು ಹೋಗಿ, ಒಳಗೆ ಹೋಗದೇ ಪಕ್ಕಕ್ಕೆ ತಿರುಗಿಸಿದಳು. "ಇದನ್ನ ನೀವು ನೆಂಟರ ಜೊತಿ ನೋಡ್ತೀರಿ, ಬರ್ರಿ" ಅಂದಳು. ಅಲ್ಲಿಂದ ಮುಂದೆ ಬರೀ ಓಣಿ.

ಸಿದ್ದಿಕ್ ಶಾ ತಾಲೀಮ್, ನೂರ್ ಖಾನ್ ತಾಲೀಮ್, ಮನ್ಹಿಯಾರ್ ತಾಲೀಮ್. ಹಳೇ ಊರಿನ ಓಣಿಗಳಿಗೆ ಇವತ್ತಿಗೂ ಗರಡಿಮನೆಗಳ ಹೆಸರೇ. ಒಂದು ಕಾಲಕ್ಕೆ ಪೈಲ್ವಾನರು ಮೈ ಬೆಳೆಸಿದ ಜಾಗ. ಮನ್ಹಿಯಾರ್ ಅಂದರೆ ಬಳೆಗಾರರು, ಅವರದ್ದೂ ಒಂದು ತಾಲೀಮ್. ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ಅದರ ಮೇಲೆ ಹೊಸ ಸಿಮೆಂಟು, ಅದರ ಮೇಲೆ ಡಿಶ್ ಆಂಟೆನಾ. ಕೆಲವು ಕಡೆ ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಆತು ನಿಲ್ಲಬೇಕು. ಇಂಥ ಜಾಗಕ್ಕೆ ನಲವತ್ತು ಜನರ ಗುಂಪು ತಂದು, ಮುಂದೆ ಒಬ್ಬ ಬಾವುಟ ಹಿಡಿದು, ಹಿಂದೆ ಎಲ್ಲರೂ ಫೋನ್ ಎತ್ತಿಕೊಂಡು ನಡೆದರೆ ಅದು ಊರು ನೋಡುವುದಲ್ಲ, ಓಣಿಯವರಿಗೆ ಕಾಟ. ಅಲ್ಲಿ ಹೊಸ್ತಿಲೇ ರಸ್ತೆಗೆ ಇದೆ. ಬಟ್ಟೆ ಒಗೆಯುವುದು, ಮಗುವಿಗೆ ಎಣ್ಣೆ ಹಚ್ಚುವುದು, ಜಗಳ, ಎಲ್ಲ ಅಲ್ಲೇ. ಗೈಡ್ ಮೊದಲೇ ಹೇಳಿದ್ದಳು: ಕೇಳದೇ ಫೋಟೋ ಇಲ್ಲ. ನಮ್ಮಲ್ಲೊಬ್ಬರು ತಡೆಯಲಾಗದೆ ಒಂದು ಹಳೇ ಬಾಗಿಲಿನ ಫೋಟೋ ತೆಗೆದರು. ಬಾಗಿಲ ಹಿಂದಿದ್ದ ಅಮ್ಮ ಹೊರಗೆ ಬಂದು "ಬಾಗ್ಲಾ ತಗೊಂಡ್ ಏನ್ ಮಾಡ್ತೀರಿ, ಒಳಗ ಬರ್ರಿ" ಅಂದರು. ಹೋದೆವು.

ಗುಂಪಿನಲ್ಲಿ ಒಬ್ಬ ಗಂಡಸಿದ್ದರೂ ಆ ಬಾಗಿಲು ತೆರೆಯುತ್ತಿರಲಿಲ್ಲ. ಹೆಂಗಸರಿಗೆ ಮಾತ್ರ ಅಂದ ಕೂಡಲೇ ಎಲ್ಲರೂ ಸುರಕ್ಷತೆ ಅನ್ನುತ್ತಾರೆ. ನನಗೆ ಆ ಮಾತು ಕೇಳಿ ಕೇಳಿ ಸಾಕಾಗಿದೆ. ನಾವು ಹೆದರಿಕೊಂಡು ಗುಂಪು ಕಟ್ಟಿಕೊಂಡು ಹೋದವರಲ್ಲ. ಊರಿನ ಅರ್ಧ ಭಾಗ ಇರುವುದೇ ಅಂಗಳದೊಳಗೆ. ಗಂಡಸು ಗೈಡ್, ಗಂಡಸು ಪ್ರವಾಸಿ ಬಂದರೆ ಅವರಿಗೆ ಕಾಣುವುದು ಗೋಡೆ ಮಾತ್ರ. ಪುಸ್ತಕ ಬರೆದವರೂ ಜಾಸ್ತಿ ಗಂಡಸರೇ, ಅವರೂ ಗೋಡೆಯ ಅಳತೆ ಬರೆದು ಮುಂದೆ ಹೋದರು. ಒಳಗೆ ಅಂಗಳ, ಅಂಗಳದಲ್ಲಿ ಬಾವಿ, ಬಾವಿ ಪಕ್ಕ ಮೆಹಂದಿ ಗಿಡ, ಪಡಸಾಲೆಯಲ್ಲಿ ಕೂತು ದುಡಿಯುವ ಹೆಂಗಸರು. ಅದನ್ನು ನೋಡಲು ಹೆಂಗಸೇ ಬೇಕು.

ಆ ದುಡಿಮೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಬಿದರಿ ಕೆಲಸ ನಮಗೆಲ್ಲ ಗೊತ್ತು ಅಂದುಕೊಂಡಿರುತ್ತೇವೆ. ಮದುವೆಗೆ ಕೊಡುವ ಕುಂಕುಮದ ಡಬ್ಬಿ, ಸಾಹೇಬರು ಬಂದರೆ ಕೊಡುವ ಹೂದಾನಿ. 2006ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂತು, 2023ರಲ್ಲಿ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು, ಖುಷಿಪಟ್ಟೆವು. ಆದರೆ ಅದು ಆಗುವುದನ್ನು ಎದುರಿಗೆ ಕೂತು ನೋಡಿದವರು ನಮ್ಮ ಗುಂಪಿನಲ್ಲಿ ಯಾರೂ ಇರಲಿಲ್ಲ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡುತ್ತಾರೆ. ಈ ಕಪ್ಪು ಉಳಿಯುವ ಕಪ್ಪಲ್ಲ, ಕೆತ್ತುವ ಗೆರೆ ಎದ್ದು ಕಾಣಲಿ ಅಂತ ಅಷ್ಟೇ. ಆಮೇಲೆ ಉಳಿಯಿಂದ ಹೂಬಳ್ಳಿ ಕೊರೆದು, ಆ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸುವುದು. ಕೊನೆಗೆ ಬಿಸಿ ಮಾಡಿ, ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜಿದರೆ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಎಲ್ಲ ಮಣ್ಣೂ ಆಗುವುದಿಲ್ಲ. ಕೋಟೆಯೊಳಗೆ ಬಿಸಿಲು, ಮಳೆ ಬೀಳದ ಜಾಗದ್ದೇ ಬೇಕು. ಹಳೇ ಕಾರೀಗರರು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ.

ನಾವು ಹೋದ ಮನೆಯಲ್ಲಿ ತಂತಿ ಕೂರಿಸುತ್ತಿದ್ದವರು ಒಬ್ಬ ಆಪಾ, ಅಂದರೆ ಅಕ್ಕ. ಕೂದಲೆಳೆಯಂಥ ತಂತಿ, ಬೆರಳಷ್ಟು ಉಳಿ, ಟಕ್ ಟಕ್ ಅಂತ ಸಣ್ಣ ಏಟು. ಎಷ್ಟು ವರ್ಷದಿಂದ ಮಾಡ್ತೀರಿ ಆಪಾ ಅಂದೆ. "ಮದ್ವಿಗಿಂತ ಮೊದ್ಲಿಂದ." ನಿಮ್ಮ ಹೆಸರು ಡಬ್ಬಿ ಮೇಲೆ ಬರುತ್ತಾ ಅಂತ ನಮ್ಮ ಗೆಳತಿ ಕೇಳಿದಳು. ಅವರು ಉತ್ತರ ಕೊಡಲಿಲ್ಲ, ನಕ್ಕು ತಿರುಗಿ ಕೇಳಿದರು: "ನೀವು ಯಾವೂರವ್ರು?" ಇಲ್ಲೇ, ಬೀದರ್‌ನವರೇ ಅಂದೆವು. "ಅರೇ, ಬೀದರ್‌ನವ್ರು ಬೀದರ್ ನೋಡ್ಲಾಕ ಬಂದೀರಿ!" ಅಂತ ಒಳಗಿದ್ದ ಸೊಸೆಯನ್ನು ಕರೆದು ನಮ್ಮನ್ನು ತೋರಿಸಿದರು. ಅವತ್ತು ಆ ಮನೆಯಲ್ಲಿ ನೋಡುವ ವಸ್ತು ನಾವೇ ಆಗಿದ್ದೆವು.

ಬೆಳ್ಳಿ ಬೆಲೆ ಏರಿದ ಮೇಲೆ ಕೆಲಸ ಕಡಿಮೆಯಾಗಿದೆ ಅಂದರು. ಅಂಗಡಿಯ ಬೆಲೆಗೂ ಆಪಾ ಕೈಗೆ ಬರುವ ಕೂಲಿಗೂ ಬಹಳ ದೂರ. ಹೀಗೆ ಮನೆಯೊಳಗೆ ಕರೆಸಿಕೊಂಡು ಕೆಲಸ ತೋರಿಸುವವರಿಗೂ ಟ್ರಿಪ್ಪಿನ ದುಡ್ಡಿನಲ್ಲಿ ಪಾಲು ಹೋಗಬೇಕು. ನಮ್ಮ ಟ್ರಿಪ್‌ನಲ್ಲಿ ಹೋಗಿದೆ ಅಂತ ಗೈಡ್ ಹೇಳಿದಳು, ಕೇಳಿದ ಮೇಲೆ. ಅದನ್ನು ಮೊದಲೇ ಎಲ್ಲರಿಗೂ ಹೇಳುವುದು ಒಳ್ಳೆಯದು. ಇಲ್ಲದಿದ್ದರೆ ಬಂದವರಿಗೆ ಪುಕ್ಕಟೆ ಚಹಾ ಕುಡಿದ ಹಾಗೆ ಸಂಕೋಚ ಆಗುತ್ತದೆ.

ಮಂಗಲಪೇಟೆ ಬೇಗ ಮುಗಿಯಿತು. ಅಲ್ಲಿನ ಮೆಥಡಿಸ್ಟ್ ಕ್ರೈಸ್ತರ ಮನೆಗಳ ಕಡೆ ಇನ್ನೂ ಹೊತ್ತು ಇರಬೇಕಿತ್ತು. ಭಾನುವಾರ ಪ್ರಾರ್ಥನೆಯ ಸಮಯ, ಮಾತಾಡಲು ಯಾರೂ ಸಿಗಲಿಲ್ಲ. ದಿನ ಆರಿಸುವಾಗಲೇ ಇದು ಹೊಳೆಯಬೇಕಿತ್ತು.

ಕೊನೆಗೆ ಆಟೋದಲ್ಲಿ ನೌಬಾದ್, ಸುರಂಗ ಬಾವಿ. ಕರೇಜ್ ಅಂತ ಪೇಪರಿನಲ್ಲಿ ಓದಿರುತ್ತೀರಿ. 15ನೇ ಶತಮಾನದಲ್ಲಿ ಬಹಮನಿಗಳು ಪರ್ಷಿಯಾದ ಪದ್ಧತಿಯಲ್ಲಿ ಮಾಡಿಸಿದ್ದು. ಜಂಬಿಟ್ಟಿಗೆಯನ್ನು ಕೊರೆದು ನೆಲದಡಿ ಸುಮಾರು 3 ಕಿಲೋಮೀಟರ್ ಸುರಂಗ, ನಡುನಡುವೆ ಗಾಳಿ ಬೆಳಕಿಗೆ, ನೀರು ಸೇದಲಿಕ್ಕೆ ಬಾವಿಯಂಥ ಬಾಯಿಗಳು. ಪಂಪಿಲ್ಲ, ಏನಿಲ್ಲ, ಸಣ್ಣ ಇಳಿಜಾರಿನ ಮೇಲೆ ನೀರು ತಾನಾಗಿ ಹರಿಯುತ್ತದೆ. ಎಲ್ಲರೂ ಇಂಜಿನಿಯರಿಂಗ್ ಹೊಗಳುತ್ತಾರೆ, ಹೊಗಳಲಿ. ನಮ್ಮ ಗುಂಪಿನ ಹಿರಿಯರೊಬ್ಬರು ಬಾಯಿಯ ಅಂಚಿಗೆ ನಿಂತು ಕೆಳಗೆ ನೋಡಿ "ಇದರಿಂದ ಕೊಡ ಎತ್ತೋದು ಯಾರ ಪಾಲಿಗೆ ಇತ್ತೋ" ಅಂದರು. ಯಾರ ಪಾಲಿಗೆ ಇರುತ್ತೆ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ. ನಾನು ತಾಲೀಮ್ ಕಡೆ ಹೋಗಿದ್ದೆ ಅಂದಾಗ ಪರಿಚಯದವರೊಬ್ಬರು "ಆ ಓಣಿಗೆ ಯಾಕ ಹೋಗಿದ್ರಿ?" ಅಂದರು. ಹೇಗೆ ಅಂದರು ಅನ್ನುವುದು ಬೀದರ್‌ನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದೇ ಊರಿನ ಪಕ್ಕ ಅಷ್ಟೂರಿನಲ್ಲಿ ಅದೇ ಸುಲ್ತಾನ ಅಹ್ಮದ್ ಶಾ ವಲಿಯ ಗುಮ್ಮಟವಿದೆ. ಹೋಳಿ ಆದ ಮೇಲೆ ಅಲ್ಲಿ ಉರುಸು ನಡೆಯುತ್ತದೆ, ನಡೆಸಿಕೊಡಲು ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ನಡೆದು ಬರುತ್ತಾರೆ. ಅಹ್ಮದ್ ಶಾನನ್ನು ಅಲ್ಲಮಪ್ರಭು ಅಂತಲೇ ನಂಬಿ ಕಾಯಿ ಒಡೆಸುವವರಿದ್ದಾರೆ. ಜಾತ್ರೆಗೆ ಹೋಗುವಾಗ ಯಾರೂ ಯಾಕೆ ಅನ್ನುವುದಿಲ್ಲ. ಮುಸ್ಲಿಮರ ಮನೆಯಲ್ಲಿ ಕೂತು ಚಹಾ ಕುಡಿದು ಬಂದರೆ ಪ್ರಶ್ನೆ. ಒಂದು ಟ್ರಿಪ್‌ನಿಂದ ಇದೆಲ್ಲ ಸರಿಹೋಗುತ್ತೆ ಅಂತ ನಾನು ಹೇಳುವುದಿಲ್ಲ. ಆದರೆ ಆಪಾ ಮನೆ ಯಾವುದು ಅಂತ ನನಗೀಗ ಗೊತ್ತು. ಮಗಳ ಮದುವೆಗೆ ಡಬ್ಬಿ ಬೇಕಾದರೆ ಅಂಗಡಿ ಬಿಟ್ಟು ನೇರ ಅಲ್ಲಿಗೇ ಹೋಗುತ್ತೇನೆ.

ಟ್ರಿಪ್ ಮಾಡುವವರ ಜೊತೆ ನನ್ನ ತಕರಾರು ಬೇರೆ ಇದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಇಟ್ಟರೆ ಬರಲಾಗುವುದು ನನ್ನಂಥ ನೌಕರಿಯವರಿಗೆ ಮಾತ್ರ, ಅದೂ ಮನೆಯಲ್ಲಿ ನಾಷ್ಟಾ ಮಾಡಲು ಇನ್ನೊಬ್ಬರಿದ್ದರೆ. ಮನೆಯಲ್ಲೇ ಇರುವ ಹೆಂಗಸಿಗೆ ಭಾನುವಾರ ಅಂದರೆ ಎಲ್ಲರೂ ಮನೆಯಲ್ಲಿರುವ ದಿನ, ಕೆಲಸ ಜಾಸ್ತಿ ಇರುವ ದಿನ. ಅವಳಿಗೆ ಬಿಡುವು ಸಿಗುವುದು ವಾರದ ನಡುವೆ, ಡಬ್ಬಿ ಕಟ್ಟಿ ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ, ಹನ್ನೊಂದರಿಂದ ಎರಡರ ತನಕ. ಬೇಸಿಗೆಯಲ್ಲಿ ಆ ಹೊತ್ತು ಆಗುವುದಿಲ್ಲ, ಸರಿ. ನವೆಂಬರಿನಿಂದ ಫೆಬ್ರುವರಿವರೆಗೆ ಬೀದರ್ ತಂಪಾಗಿಯೇ ಇರುತ್ತದಲ್ಲ. 500 ರೂಪಾಯಿಯೂ ಎಲ್ಲರಿಗೂ ಆಗುವ ಮಾತಲ್ಲ. ಆಗುವವರು ಪೂರ್ತಿ ಕೊಡಲಿ, ಎರಡು ಸೀಟು ಸ್ವಸಹಾಯ ಸಂಘದ ಹೆಂಗಸರಿಗೆ, ಕಾಲೇಜು ಹುಡುಗಿಯರಿಗೆ ಬಿಡಲಿ. ಇದನ್ನು ಗೈಡ್‌ಗೆ ಹೇಳಿದೆ. ಸೀಟಿನ ಮಾತಿಗೆ ಒಪ್ಪಿದಳು. ವಾರದ ನಡುವಿನ ಟ್ರಿಪ್‌ಗೆ ಮಾತ್ರ "ಎಂಟು ಜನ ಆದ್ರ ಮಾಡೋಣ ಅಕ್ಕಾ, ಜನ ಕೂಡಿಸ್ರಿ" ಅಂತ ನನ್ನ ಮೇಲೇ ಹಾಕಿದಳು. ಈಗ ಐದು ಜನ ಆಗಿದ್ದೇವೆ. ಮುಂದಿನದು ಫತೇ ದರವಾಜಾ ಕಡೆ, ಬುಧವಾರ. ಇನ್ನೂ ಮೂವರು ಬೇಕು, ಬರುವವರು ಹೇಳಿ.