ಆ ಇಲಿಗಳಿಗೆ ಕಾಯಿಲೆ ಇರಲಿಲ್ಲ

ಭಾನುವಾರ ಚಿಕ್ಕಮ್ಮನ ಮನೆಗೆ ಹೋದಾಗ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಬಟ್ಟಲು ರಾಗಿ ಗಂಜಿ ಕೆನೆಗಟ್ಟಿ ಕುಳಿತಿತ್ತು. ಬೆಳಿಗ್ಗೆ ಎಂಟಕ್ಕೆ ಕಾಯಿಸಿದ್ದು, ಹನ್ನೊಂದಾದರೂ ಚಮಚ ಮುಳುಗಿರಲಿಲ್ಲ. ಬಾಯಿಹುಣ್ಣು ಹೆಚ್ಚಾಗಿದೆಯೇ ಎಂದು ಕೇಳಿದೆ. ಅದಲ್ಲ ಎಂದು ತಲೆಯಾಡಿಸಿ, "ಊಟ ಕಡಿಮೆ ಮಾಡಿದರೆ ಗಡ್ಡೆ ತಾನಾಗಿ ಒಣಗುತ್ತದಂತೆ, ಇಲಿಗಳ ಮೇಲೆ ಮಾಡಿ ನೋಡಿದ್ದಾರಂತೆ" ಎಂದು ಫೋನು ಮುಂದೆ ಹಿಡಿದರು. ನಮ್ಮದೇ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂದಿದ್ದ ಸಂದೇಶ. ಮೂರನೆಯ ಕೀಮೋ ಮುಗಿಸಿ, ಎರಡು ತಿಂಗಳಲ್ಲಿ 52 ಕಿಲೋದಿಂದ 46ಕ್ಕೆ ಇಳಿದಿರುವ ಹೆಂಗಸು ಅದನ್ನು ನಂಬಿ ನಾಲ್ಕು ದಿನದಿಂದ ಒಪ್ಪತ್ತು ಮಾಡುತ್ತಿದ್ದರು.

ಆರು ವರ್ಷ ನಾನು ಪ್ರಯೋಗಾಲಯದ ಪ್ರಾಣಿಗೃಹದಲ್ಲಿ ಇಲಿಗಳ ಆಹಾರ ತೂಗಿದವಳು ಎಂಬುದು ನಿಮಗೆಲ್ಲ ಗೊತ್ತೇ ಇದೆ. ಆ ಸಂದೇಶದಲ್ಲಿ ಪೂರ್ತಿ ಸುಳ್ಳೇ ಇದ್ದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅದರೊಳಗೆ ಒಂದು ನಿಜವಿದೆ, ಆ ನಿಜವನ್ನು ಹಿಡಿಯಬಾರದ ಕಡೆಯಿಂದ ಹಿಡಿದಿದ್ದಾರೆ.

1982ರಲ್ಲಿ ರಿಚರ್ಡ್ ವೈಂಡ್ರಕ್ ಮತ್ತು ರಾಯ್ ವಾಲ್ಫೋರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು ಒಂದು ವರ್ಷ ದಾಟಿದ, ಎಂದರೆ ನಡುವಯಸ್ಸಿನ, ಇಲಿಗಳ ಆಹಾರವನ್ನು ನಿಧಾನವಾಗಿ ಇಳಿಸುತ್ತ ಬಂದರು. ಅವು ಹೊಟ್ಟೆತುಂಬ ತಿಂದ ಇಲಿಗಳಿಗಿಂತ ಸರಾಸರಿ ಶೇ. 10ರಿಂದ 20ರಷ್ಟು ಹೆಚ್ಚು ಕಾಲ ಬದುಕಿದವು, ಅವುಗಳಲ್ಲಿ ತಾನಾಗಿ ಹುಟ್ಟುವ ಲಿಂಫೋಮಾ ಎಂಬ ಬಗೆಯ ಕ್ಯಾನ್ಸರ್ ಕೂಡ ಕಡಿಮೆಯಾಯಿತು. ಇದು ನಿಜ. ಆದರೆ ಪ್ರಯೋಗ ಶುರುವಾದ ದಿನ ಆ ಇಲಿಗಳು ಆರೋಗ್ಯವಾಗಿದ್ದವು. ಕಡಿಮೆ ಮಾಡಿದ್ದು ಕ್ಯಾಲೊರಿಯನ್ನು ಮಾತ್ರ. ವಿಟಮಿನ್ನು, ಖನಿಜಗಳಿಗೆ ಕೊರತೆಯಾಗದಂತೆ ಅವುಗಳ ಆಹಾರವನ್ನು ಬೇರೆಯಾಗಿಯೇ ಸಿದ್ಧಪಡಿಸಿದ್ದರು. ಕಾಯಿಲೆ ಬರುವುದನ್ನು ತಡೆಯುವ ಪ್ರಶ್ನೆಯನ್ನು, ಬಂದ ಕಾಯಿಲೆಯೊಡನೆ ಹೋರಾಡುತ್ತಿರುವವರ ತಟ್ಟೆಯ ಮೇಲೆ ಹೇರಿದರೆ ಅದು ಬೇರೆಯೇ ಪ್ರಶ್ನೆಯಾಗುತ್ತದೆ.

ಗಡ್ಡೆ ಆಗಲೇ ಇದ್ದ ಇಲಿಗಳ ಮೇಲೂ ಪ್ರಯೋಗ ನಡೆದಿದೆಯಲ್ಲ ಎಂದು ತಿಳಿದವರು ಕೇಳಬಹುದು. ನಡೆದಿದೆ. 1914ರಷ್ಟು ಹಿಂದೆಯೇ ಪೇಟನ್ ರೌಸ್ ಎಂಬ ವಿಜ್ಞಾನಿ ಅದನ್ನು ಮಾಡಿದ್ದರು, ಕೆಲವು ಗಡ್ಡೆಗಳ ಬೆಳವಣಿಗೆ ನಿಧಾನವಾದದ್ದನ್ನು ಕಂಡಿದ್ದರು. ಆದರೆ ಎಲ್ಲ ಗಡ್ಡೆಗಳೂ ಹಸಿವಿಗೆ ಬಗ್ಗುವುದಿಲ್ಲ. ಜೀವಕೋಶಕ್ಕೆ ಬೆಳೆ ಎಂದು ಸೂಚನೆ ಕೊಡುವ ಪಿಐ3ಕೆ ಎಂಬ ಸಂಕೇತಮಾರ್ಗ ಸದಾ ಚಾಲೂ ಇರುವ ಗಡ್ಡೆಗಳು ಇಲಿಗೆ ಆಹಾರ ಕಡಿಮೆ ಮಾಡಿದರೂ ಬೆಳೆಯುತ್ತಲೇ ಹೋಗುತ್ತವೆ ಎಂದು 2009ರಲ್ಲಿ ನಾಡಾ ಕಲಾನಿ ಮತ್ತು ಡೇವಿಡ್ ಸಬಾಟಿನಿ ಎಂಬ ವಿಜ್ಞಾನಿಗಳು ತೋರಿಸಿದರು. ಚಿಕ್ಕಮ್ಮನ ಗಡ್ಡೆ ಯಾವ ಬಗೆಯದು ಎಂದು ಆ ಸಂದೇಶ ಕಳಿಸಿದವರಿಗೆ ಗೊತ್ತಿತ್ತೇ?

ಆರೋಗ್ಯವಂತ ಇಲಿಗಳ ಮಾತೂ ಅಷ್ಟು ಸರಳವಲ್ಲ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 41 ತಳಿಗಳಿಗೆ ಆಹಾರವನ್ನು ಶೇ. 40ರಷ್ಟು ಕಡಿಮೆ ಮಾಡಿದಾಗ, ಆಯುಸ್ಸು ಹೆಚ್ಚಿದ ತಳಿಗಳಿಗಿಂತ ಕುಗ್ಗಿದ ತಳಿಗಳೇ ಹೆಚ್ಚಾಗಿದ್ದವು. 2024ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದವರು 960 ಹೆಣ್ಣು ಇಲಿಗಳ ಫಲಿತಾಂಶ ಪ್ರಕಟಿಸಿದರು. ಕಡಿಮೆ ತಿಂದವು ಹೆಚ್ಚು ಬದುಕಿದವು ಎಂಬುದು ಅಲ್ಲಿಯೂ ನಿಜವಾಯಿತು, ಆದರೆ ಕಡಿಮೆ ತಿಂದ ಇಲಿಗಳ ನಡುವೆ ಅತಿ ಹೆಚ್ಚು ಕಾಲ ಬದುಕಿದ್ದು ತೂಕ ಕಳೆದುಕೊಳ್ಳದೆ ಉಳಿಸಿಕೊಂಡ ಇಲಿಗಳು. ಆ ಸಾಲನ್ನು ಓದಿದ ದಿನ ನಾನು ಪ್ರಬಂಧವನ್ನು ಮಡಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ, ಏಕೆಂದರೆ ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಆಹಾರ ಹಾಕಿದ ಕೂಡಲೇ ನಮ್ಮ ಪ್ರಾಣಿಗೃಹದ ಅರೆಹೊಟ್ಟೆಯ ಇಲಿಗಳು ಮೈಮೇಲೆ ಎಚ್ಚರವಿಲ್ಲದಂತೆ ಮುಗಿಬಿದ್ದು ತಿನ್ನುತ್ತಿದ್ದವು, ಆಮೇಲೆ ದಿನವಿಡೀ ಪಂಜರದ ಮುಚ್ಚಳದ ಕಂಬಿಗಳನ್ನು ಕಡಿಯುತ್ತಿದ್ದವು. ಕೋಣೆಯೊಳಗೆ ಹೋದರೆ ಮೊದಲು ಕಿವಿಗೆ ಬೀಳುತ್ತಿದ್ದುದು ಆ ಕಟಕಟ ಸದ್ದು. ಮುಟ್ಟಿದರೆ ಬೆನ್ನುಮೂಳೆ ಬೆರಳಿಗೆ ಮಣಿಮಣಿಯಾಗಿ ಸಿಗುತ್ತಿತ್ತು, ಮೈ ತಣ್ಣಗಿರುತ್ತಿತ್ತು.

ನಮ್ಮಲ್ಲಿ ಏಕಾದಶಿಯ ಉಪವಾಸ ತಲೆಮಾರುಗಳಿಂದ ನಡೆದುಬಂದಿಲ್ಲವೇ ಎಂದು ಒಬ್ಬರು ಗುಂಪಿನಲ್ಲೇ ಉತ್ತರ ಕೊಟ್ಟರು. ನಡೆದುಬಂದಿದೆ, ನನ್ನ ಅಜ್ಜಿಯೂ ಮಾಡುತ್ತಿದ್ದರು. ಆದರೆ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಅದೇ ಅಜ್ಜಿ ಏಕಾದಶಿಯ ದಿನವೂ ಅವರಿಗೆ ಗಂಜಿ ಕುಡಿಸಿಯೇ ಬಿಡುತ್ತಿದ್ದರು.

ಸಂದೇಶ ಕಳಿಸಿದವರು ಕೆಟ್ಟವರಲ್ಲ, ಚಿಕ್ಕಮ್ಮ ಆಸ್ಪತ್ರೆಗೆ ಸೇರಿದ ಮೊದಲ ರಾತ್ರಿ ಕಾವಲು ಕೂತವರು ಅವರೇ. ಅವರ ಮೇಲೆ ಕೂಗಾಡಿಬಿಟ್ಟೆ, ಅದಕ್ಕೆ ನನಗೆ ಬೇಸರವಿದೆ. ಆದರೆ ಕೀಮೋ ನಡೆಯುವಾಗ ತೂಕ ಇಳಿಯುತ್ತ ಹೋದರೆ ಔಷಧಿಯ ಪ್ರಮಾಣ ತಗ್ಗಿಸಬೇಕಾಗಬಹುದು, ಮುಂದಿನ ಸರದಿಯನ್ನೇ ಮುಂದೂಡಬೇಕಾಗಬಹುದು. ಆಹಾರದಲ್ಲಿ ಯಾವ ಬದಲಾವಣೆ ಮಾಡುವುದಿದ್ದರೂ ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನು ಕೇಳಿ ಮಾಡಬೇಕು ಎಂದು ಅವರಿಗೆ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಗಂಜಿಯನ್ನು ಮತ್ತೆ ಬಿಸಿ ಮಾಡಿ, ಮಜ್ಜಿಗೆ ಬೆರೆಸಿ ಕೊಟ್ಟೆ. ಚಿಕ್ಕಮ್ಮ ಬಟ್ಟಲು ಹಿಡಿದುಕೊಂಡು, "ಆ ಇಲಿಗಳಿಗೂ ನನ್ನ ಹಾಗೆ ಕಾಯಿಲೆ ಇತ್ತೇನೇ?" ಎಂದು ಕೇಳಿದರು. ಇರಲಿಲ್ಲ ಎಂದೆ. ಅರ್ಧ ಬಟ್ಟಲು ಕುಡಿದರು. ಗುರುವಾರ ಮತ್ತೆ ತೂಕ ನೋಡುತ್ತಾರೆ.