ಜ್ವಾಲಾಮುಖಿ ಕಾಯುವ ದುಡ್ಡು ಮೊದಲು ಉಪಗ್ರಹಕ್ಕೇ ಹೋಗಬೇಕೇ?

ಪರ: ಪೈಲಟ್‌ಗೆ ಕಾಣದ್ದು ಮೇಲಿನಿಂದ ಕಾಣುತ್ತದೆ

2025ರ ನವೆಂಬರ್ 24ರ ರಾತ್ರಿ ಮಂಗಳೂರಿನಿಂದ ಅಕ್ಕನ ಫೋನ್. ದುಬೈಯಿಂದ ಬರಬೇಕಿದ್ದ ಮಗನ ವಿಮಾನ ರದ್ದು. "ಎಂತ ಮಾರಾಯ, ಇಥಿಯೋಪಿಯದಲ್ಲಿ ಗುಡ್ಡ ಹೊಗೆ ಬಿಟ್ರೆ ಇವನು ಯಾಕೆ ಬರ್ಬಾರ್ದು?" ಕೋರಿ ರೊಟ್ಟಿಗೆ ಸಾರು ಮಾಡಿಟ್ಟು ಕಾದವಳ ಸಿಟ್ಟು ಅದು. ನಾನು ಜ್ವಾಲಾಮುಖಿ ಉಗುಳುವ ಸಲ್ಫರ್ ಡೈಆಕ್ಸೈಡ್ ಅನಿಲದ ಉಪಗ್ರಹ ನಕ್ಷೆಯೊಂದನ್ನು ವಾಟ್ಸ್ಆಪ್ ಮಾಡಿದೆ. ಹಿಂದಿನ ದಿನ ಇಥಿಯೋಪಿಯದ ಅಫಾರ್ ಪ್ರದೇಶದ ಹೈಲಿ ಗುಬ್ಬಿ ಜ್ವಾಲಾಮುಖಿಯಿಂದ ಎದ್ದ ಮೋಡ ಕೆಂಪು ಸಮುದ್ರ ದಾಟಿ, ಯೆಮೆನ್, ಒಮಾನ್ ಮೇಲೆ ಹಾದು, ಅರಬ್ಬೀ ಸಮುದ್ರದ ಮೇಲೆ ಬಾಲ ಚಾಚಿಕೊಂಡು ಗುಜರಾತ್, ರಾಜಸ್ಥಾನದ ಕಡೆ ಹೊರಟಿತ್ತು. ಸ್ವಲ್ಪ ಹೊತ್ತು ಬಿಟ್ಟು ಅಕ್ಕ, "ಓ, ದಾರಿಯಲ್ಲೇ ಉಂಟಲ್ಲ" ಎಂದಳು.

ಆ ಗುಡ್ಡದ ಪಕ್ಕ ಉಪಕರಣ ಇಟ್ಟು ಕಾಯುವವರು ಇರಲಿಲ್ಲ. ಮೋಡದ ಜಾಡು ಹಿಡಿದದ್ದು ಉಪಗ್ರಹ. ಫ್ರಾನ್ಸಿನ ಟುಲೂಸ್‌ನ ಬೂದಿ ಎಚ್ಚರಿಕೆ ಕೇಂದ್ರ ಅದನ್ನು ನೋಡಿಯೇ ವಿಮಾನಗಳಿಗೆ ಸೂಚನೆ ಕೊಟ್ಟಿತು.

ಈ ಕಣ್ಣಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 1982ರ ಜೂನ್ 24 ಸಾಕ್ಷಿ. ಜಾವಾದ ಗಲುಂಗುಂಗ್ ಉಗುಳಿದ ಬೂದಿಯೊಳಗೆ ಬ್ರಿಟಿಷ್ ಏರ್‌ವೇಸ್‌ನ 747 ನುಗ್ಗಿತು. ರಾತ್ರಿ. ರಾಡಾರ್‌ನಲ್ಲಿ ಏನೂ ಇಲ್ಲ, ಏಕೆಂದರೆ ಅದು ಹುಡುಕುವುದು ಮಳೆಯ ಹನಿಯನ್ನು, ಒಣ ಬೂದಿಯನ್ನಲ್ಲ. ಬೂದಿ ಎಂಜಿನ್ನಿನ ಕಾವಿಗೆ ಕರಗಿ ಒಳಗೆ ಮೆತ್ತಿಕೊಂಡಿತು. ನಾಲ್ಕು ಎಂಜಿನ್ನೂ ನಿಂತವು. 260ಕ್ಕೂ ಹೆಚ್ಚು ಜನ ಗಾಳಿಯಲ್ಲಿ ತೇಲುತ್ತಾ ಇಳಿದರು. ಎಂಜಿನ್ ಮತ್ತೆ ಹತ್ತಿಕೊಂಡದ್ದು ಅದೃಷ್ಟ. ಜಕಾರ್ತದಲ್ಲಿ ಇಳಿಯುವಾಗ ಮುಂದಿನ ಗಾಜು ಉಪ್ಪುಕಾಗದ ಉಜ್ಜಿದ ಹಾಗೆ ಮಸುಕಾಗಿತ್ತು.

ಈಗ ಉಪಗ್ರಹ ಬೂದಿಯನ್ನು ಗುರುತಿಸುವ ಉಪಾಯ ಸರಳ. ಭೂಮಿಯಿಂದ ಏಳುವ ಅವಗೆಂಪು ಕಿರಣವನ್ನು 11 ಮತ್ತು 12 ಮೈಕ್ರಾನ್ ತರಂಗಾಂತರದಲ್ಲಿ ಅಳೆದರೆ, ನೀರಿನ ಮೋಡ 12ರದ್ದನ್ನು ಹೆಚ್ಚು ಹೀರುತ್ತದೆ, ಬೂದಿ 11ರದ್ದನ್ನು. ಕಳೆದು ನೋಡಿದರೆ ಲೆಕ್ಕ ತಿರುಗುಮುರುಗು! ಅನಿಲದ ಕಥೆ ಇನ್ನೂ ಸ್ವಾರಸ್ಯ. ಓಝೋನ್ ಅಳೆಯಲು ಹೋದ ನಿಂಬಸ್-7 ಉಪಗ್ರಹದ ಉಪಕರಣಕ್ಕೆ 1982ರಲ್ಲಿ ಮೆಕ್ಸಿಕೊದ ಎಲ್ ಚಿಚೋನ್ ಜ್ವಾಲಾಮುಖಿಯ ಸಲ್ಫರ್ ಡೈಆಕ್ಸೈಡ್ ಸಿಕ್ಕಿಬಿತ್ತು. ಒಂಬತ್ತು ವರ್ಷದ ನಂತರ ಫಿಲಿಪೀನ್ಸ್‌ನ ಪಿನಾಟುಬೊ ಸಿಡಿದು ಒಂದೂವರೆ ಕೋಟಿ ಟನ್ನಿನಷ್ಟು ಅದೇ ಅನಿಲ ಮೇಲೇರಿತು, ಅದು ಗಂಧಕಾಮ್ಲದ ತುಂತುರಾಗಿ ಹರಡಿ ಭೂಮಿಯನ್ನು ಸುಮಾರು ಅರ್ಧ ಡಿಗ್ರಿ ತಣ್ಣಗಾಗಿಸಿತು. ಇದನ್ನೆಲ್ಲ ಗುಡ್ಡದ ಬುಡದಲ್ಲಿ ಕೋಲು ನೆಟ್ಟು ಅಳೆಯುತ್ತೀರಾ?

ಬುಡದಲ್ಲಿರುವವರ ಗತಿಯೇನು ಎಂದು ಕೇಳುತ್ತಾರೆ. ಅದು ಆಯಾ ಸರ್ಕಾರದ ಕೆಲಸ, ಮಾಡಲಿ. ಆಕಾಶಕ್ಕೆ ಸರ್ಕಾರ ಯಾವುದು?

ವಿರೋಧ: ಕಣದ ಕಾಫಿ ನೆನೆದ ಕಥೆ

"ಸಾರ್, ವಿರೋಧಕ್ಕೆ ಯಾರೂ ಸಿಗ್ತಿಲ್ಲ" ಎಂದರು ಸಂಪಾದಕರು. ಮೂವತ್ತು ವರ್ಷ ಭೂವಿಜ್ಞಾನ ಪಾಠ ಮಾಡಿದವನು ಉಪಗ್ರಹವನ್ನು ಬೈಯುವುದು ಹೇಗೆ? ಆದರೂ ಒಪ್ಪಿದೆ, ಒಂದು ಹಳೆಯ ಸಿಟ್ಟಿದೆ.

ಮೂಡಿಗೆರೆಯಲ್ಲಿ ಭಾವನ ತೋಟ. ಒಂದು ಜನವರಿಯಲ್ಲಿ ಕಣದ ತುಂಬ ಕಾಫಿ ಹರಡಿತ್ತು. ಹಣ್ಣು ಕೆರೆಯುತ್ತಿದ್ದ ಹೆಂಗಸೊಬ್ಬಳು, "ಗುಡ್ಡದ ಹಿಂದೆ ಕರ್ರಗಾಗಿದೆ, ಟಾರ್ಪಾಲು ಎಳೀರಿ ಅಯ್ಯಾ" ಎಂದಳು. ನಾನು ಫೋನಿನಲ್ಲಿ ಉಪಗ್ರಹ ಚಿತ್ರ ತೋರಿಸಿ, "ಒಂದು ಮೋಡವೂ ಇಲ್ಲ, ಬಿಡಿ" ಎಂದೆ. ಚಿತ್ರ ಮೂರು ಗಂಟೆ ಹಳೆಯದು ಅಂತ ನೋಡಿರಲಿಲ್ಲ. ಅರ್ಧ ತಾಸಿನಲ್ಲಿ ಮಳೆ. ಒಣಗಿದ್ದ ಚೆರ್ರಿಯೆಲ್ಲ ನೆನೆದು ಬೂಷ್ಟು ಹಿಡಿಯಿತು. ಭಾವ ಇವತ್ತಿಗೂ, "ಏನು ಮೇಷ್ಟ್ರೇ, ಮೇಲಿನಿಂದ ಏನು ಸುದ್ದಿ?" ಎನ್ನುತ್ತಾರೆ.

ಪರ ಬರೆಯುವವರು ವಿಮಾನದ ಕಥೆಯನ್ನೇ ಹೇಳುತ್ತಾರೆ, ಜ್ವಾಲಾಮುಖಿ ಉಕ್ಕುವುದೇ ಇವರ ಟಿಕೆಟ್ ಕೆಡಿಸಲಿಕ್ಕೆ ಎಂಬಂತೆ. ಸಾಯುವವರು ಬುಡದಲ್ಲಿದ್ದಾರೆ. 1985ರ ನವೆಂಬರ್ 13ರ ರಾತ್ರಿ ಕೊಲಂಬಿಯದ ನೆವಾಡೊ ಡೆಲ್ ರೂಯಿಸ್ ಸಿಡಿದು, ಕರಗಿದ ಹಿಮ ಕೆಸರಾಗಿ ನುಗ್ಗಿತು. ಅರ್ಮೆರೊ ಊರು ತಲುಪಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಅಪಾಯದ ನಕ್ಷೆ ಮೊದಲೇ ತಯಾರಿತ್ತು. ಆದರೂ ಸುಮಾರು 23,000 ಜನ ಸತ್ತರು. ಬೇಕಿದ್ದದ್ದು ಒಂದು ಫೋನ್, ಅದನ್ನು ನಂಬುವ ಅಧಿಕಾರಿ. ಸಲ್ಫರ್ ಡೈಆಕ್ಸೈಡ್ ನೋಡುವ ಉಪಗ್ರಹದ ನೇರಳಾತೀತ ಕಣ್ಣಿಗೆ ಬಿಸಿಲು ಬೇಕು, ರಾತ್ರಿ ಅದು ಹೇಗೂ ಕುರುಡು.

ಮರುವರ್ಷ ಕ್ಯಾಮರೂನಿನಲ್ಲಿ ಹಳೆಯ ಜ್ವಾಲಾಮುಖಿಯ ಬಾಯಲ್ಲಿ ನಿಂತ ನ್ಯೋಸ್ ಕೆರೆಯಿಂದ ಎದ್ದ ಇಂಗಾಲದ ಡೈಆಕ್ಸೈಡ್ ಕಣಿವೆಗೆ ಇಳಿದು 1,700ಕ್ಕೂ ಹೆಚ್ಚು ಜನರ ಉಸಿರು ನಿಲ್ಲಿಸಿತು. ಅದೂ ರಾತ್ರಿಯೇ.

ಇನ್ನು ಕಾಂಗೊದ ಗೋಮಾ. ಊರಿನ ನೆತ್ತಿಯ ಮೇಲೆ ನ್ಯಿರಾಗೊಂಗೊ. 2021ರ ಮೇ 22ರಂದು ಎಚ್ಚರಿಕೆಯೇ ಇಲ್ಲದೆ ಲಾವಾ ಇಳಿಯಿತು, ಸುಮಾರು 30 ಜನ ಸತ್ತರು. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಅಲ್ಲಿನ ವೀಕ್ಷಣಾಲಯಕ್ಕೆ ಗುಡ್ಡದ ಸೆನ್ಸರ್‌ಗಳ ಮಾಹಿತಿ ಸರಿಯಾಗಿ ಬಂದಿರಲಿಲ್ಲ. ದುಡ್ಡಿಲ್ಲದೆ ಇಂಟರ್ನೆಟ್ ನಿಂತಿತ್ತು. ಉಪಗ್ರಹದ ಚಿತ್ರ ನೋಡುವುದಕ್ಕಾದರೂ ಇಂಟರ್ನೆಟ್ ಬೇಕಲ್ಲ, ಸ್ವಾಮಿ?